ಹಸಿರು ಪುಡಿಯ ಸಾಕ್ಷಿ

ಲಕ್ಷ್ಮೇಶ್ವರದ ನಜೀರಸಾಬ ಯಾರನ್ನೂ ಅನುಮಾನಿಸುವ ಮನುಷ್ಯನಲ್ಲ. ಅದೇ ಅವನಿಗೆ ಮುಳುವಾಯಿತು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅವನು ಗದಗಿನ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿದ್ದ. ಮುಂಡರಗಿಯ ಗವಿಸಿದ್ದಪ್ಪನಿಗೂ ಅಲ್ಲೇ ಕೆಲಸ, ಬೆಟಗೇರಿಯಲ್ಲಿ ಪಕ್ಕದ ಮನೆ. ರಂಜಾನ್ ಬಂತೆಂದರೆ ನಜೀರಸಾಬನ ಹೆಂಡತಿ ಮೋತಿಬಿ ಮೊದಲ ಬಟ್ಟಲು ಹಾಲು-ಶ್ಯಾವಿಗೆಯ ಸುರಕುಂಬಾ ಕೊಡುತ್ತಿದ್ದದ್ದು ಗವಿಸಿದ್ದಪ್ಪನಿಗೇ. ಇಬ್ಬರಿಗೂ ಪಿಎಚ್.ಡಿ. ಆಸೆ. ಧಾರವಾಡದ ಪ್ರೊಫೆಸರರ ಬಳಿ ಇದ್ದದ್ದು ಮಾತ್ರ ಒಂದೇ ಜಾಗ.

ನಜೀರಸಾಬನಿಗೆ ಹೈಡ್ರಾಕ್ಸಾಮಿಕ್ ಆಮ್ಲಗಳ ಹುಚ್ಚು ಹಿಡಿದಿತ್ತು. ಲೋಹ ಸಿಕ್ಕರೆ ಈ ಆಮ್ಲ ಬಿಡದೆ ಅಪ್ಪಿಕೊಳ್ಳುತ್ತದೆ. ಒಂದು ಬೆಳಿಗ್ಗೆ ನಿಕ್ಕಲ್ ಜೊತೆ ಬೆರೆಸಿದಾಗ ಹಸಿರು ಪುಡಿ ಬಂತು. ಒಣಗಿಸಿಟ್ಟರೆ, ಬಿಸಿಲೇರುವ ಹೊತ್ತಿಗೆ ಅದೇ ಪುಡಿ ಇಟ್ಟಂಗಿಯಂತೆ ಕೆಂಪಾಯಿತು. ತೂಕ ಒಂದಿಷ್ಟೂ ಇಳಿದಿರಲಿಲ್ಲ. ಪರಮಾಣುಗಳು ಅವೇ, ಜೋಡಣೆ ಮಾತ್ರ ಬೇರೆ: ರಚನಾ ಸಮಾಂಗತೆ. ಹಸಿರಿನಲ್ಲಿ ನಿಕ್ಕಲ್ ಆಮ್ಲಜನಕವನ್ನು ಹಿಡಿದಿತ್ತು, ಕೆಂಪಿನಲ್ಲಿ ಸಾರಜನಕವನ್ನು ಹಿಡಿದಿದೆ ಎಂದು ಅವನ ಅಂದಾಜು.

"ನೋಡಲೇ ಗವಿಸಿದ್ದಾ, ಮನಿಮಂದಿ ಅವರ, ಕುಂತ ಜಾಗಾ ಅಷ್ಟ ಬ್ಯಾರೆ!" ಎಂದು ಕುಣಿದಾಡಿದ. ಗವಿಸಿದ್ದಪ್ಪನೂ ಬಾಯಿ ತೆರೆದು ನೋಡಿದ.

ಆಮೇಲೆ ಎಷ್ಟು ಸಲ ಮಾಡಿದರೂ ಹಸಿರು ಬರಲೊಲ್ಲದು, ನೇರ ಕೆಂಪೇ. ಕೊನೆಗೆ ಕೆಂಪು ಪುಡಿ ಹಿಡಿದು, ಗವಿಸಿದ್ದಪ್ಪನನ್ನೂ ಕರೆದುಕೊಂಡು ಧಾರವಾಡದ ಬಸ್ಸು ಹತ್ತಿದ. ಕಂಡವನು ಜೊತೆಗಿದ್ದಾನಲ್ಲ, ಇನ್ನೇನು ಭಯ ಎಂದುಕೊಂಡ, ಪಾಪ.

"ಹಸಿರಿತ್ತು ಅಂತಾನ ಇವ. ನೀ ಕಂಡೀ ಏನು?" ಪ್ರೊಫೆಸರರು ಕೇಳಿದರು.

ಗವಿಸಿದ್ದಪ್ಪ ನೆಲ ನೋಡಿದ. "ಇಲ್ರಿ ಸರ್. ಆವತ್ತ ನಾ ಹಮ್ಮಿಗಿ ಊರಿಗೆ ಹೋಗಿದ್ನಿ."

"ಸುಳ್ಳ ಹೇಳಿ ಡಾಕ್ಟರ್ ಆಗಾಕ ಬಂದೀ ಏನೋ?" ಎಂದು ಪ್ರೊಫೆಸರರು ನಜೀರಸಾಬನನ್ನು ಹೊರಗೆ ಕಳಿಸಿದರು. ಜಾಗ ಯಾರಿಗೆ ಸಿಕ್ಕಿತೆಂದು ಬೇರೆ ಹೇಳಬೇಕೆ? ನಜೀರಸಾಬ ಊರಿಗೆ ಮರಳಿ ಹೈಸ್ಕೂಲ್ ಮಾಸ್ತರನಾದ. ಪದವಿ ಹೋದದ್ದನ್ನು ಮರೆತಾನು, ತನ್ನ ಮನೆಯಲ್ಲಿ ಉಂಡವನೇ ಕುತ್ತಿಗೆ ಕೊಯ್ದದ್ದನ್ನು ಮರೆಯಲಿಲ್ಲ. ಆ ಹೆಸರನ್ನು ಮಗಳ ಮುಂದೆ ಎಂದೂ ಎತ್ತಲಿಲ್ಲ.

ಮಗಳು ಜೈಬುನ್ನೀಸಾ ಬೆಳೆದು ಗದಗಿನ ಕಾಲೇಜು ಸೇರಿದಳು. ಒಂದು ಭಾನುವಾರ ಊಟಕ್ಕೆ ಕೂತಾಗ ಹೇಳಿದಳು: "ಅಪ್ಪಾ, ನಮ್ಮ ಡಾಕ್ಟರ್ ಗವಿಸಿದ್ದಪ್ಪ ಸರ್, ಹಸರ ಪುಡಿ ತಾನ ಕೆಂಪಾಗೂದನ್ನ ಕಣ್ಣಾರೆ ಕಂಡೀನಿ ಅಂದ್ರು. ಮತ್ತ ಮಾಡಿ ತೋರಸ್ರಿ ಅಂದ್ರ ಆಗವಲ್ದು. ಎಲ್ಲಾರೂ ಸುಳ್ಳಂತ ನಕ್ರು. ಸರ್ ಮಾರಿ ಸಣ್ಣದಾತು. ಬೇಕಾದ್ರ ನಿಮ್ಮಪ್ಪನ್ನ ಕೇಳು ಅಂದ್ರು."

ಮೋತಿಬಿಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಗಂಡನ ಕಡೆ ನೋಡಿ, ಬೇಡ ಎಂಬಂತೆ ತಲೆಯಾಡಿಸಿದಳು.

"ನಾಳೆ ಏನಂತ ಹೇಳ್ಲಿ ಅಪ್ಪಾ?"

ನಜೀರಸಾಬ ಇಲ್ಲ ಎಂದರೆ ಸಾಕಿತ್ತು. ತಾಟನ್ನು ಪಕ್ಕಕ್ಕೆ ಸರಿಸಿದ.

"ಖರೆ ಐತಿ ಅಂತ ಹೇಳವ್ವಾ," ಎಂದ. "ಆವತ್ತ ಅವ ನನ್ನ ಬಾಜೂಕ ನಿಂತಿದ್ದ."