ಮಕ್ತುಂಬಿಯ ಮುಸಾಫಿರಖಾನೆ

ಮಸ್ಕಿಯ ಸರ್ಕಾರಿ ದವಾಖಾನೆಗೆ ಕಂಪೌಂಡರ್ ಆಗಿ ಬಂದಾಗ ನನಗೆ ಇಪ್ಪತ್ತಾರು ವರ್ಷ. ನಿಜಾಮರ ಆಳ್ವಿಕೆ, ಉರ್ದುವಿನಲ್ಲಿ ಬರೆದ ನೇಮಕದ ಕಾಗದ, ಮೈಮೇಲೆ ಖಾಕಿ ಕೋಟು. ವಯಸ್ಸಾದವರೂ ‘ಬರ್ರಿ ಕಂಪೌಂಡ್ರ’ ಎಂದು ಎದ್ದು ಜಾಗ ಬಿಡುತ್ತಿದ್ದರು. ಅದೆಲ್ಲ ನನ್ನ ನೆತ್ತಿಗೇರಿತ್ತು, ಸುಳ್ಳು ಯಾಕೆ ಹೇಳಲಿ? ಇಳಿಸಿದವಳು ಮಕ್ತುಂಬೀ. ಬೈದು ಇಳಿಸಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಅಂದು ಮರೆತುಬಿಡುತ್ತಿದ್ದೆ.

ಮಕ್ತುಂಬೀ ಭಿಸ್ತಿ ಶೇಕ್ಷಾವಲಿಯ ಹೆಂಡತಿ. ಅವನು ತೊಗಲಿನ ಚೀಲದಲ್ಲಿ ಮನೆಮನೆಗೆ ನೀರು ಹೊತ್ತು ಬದುಕಿದವನು. ನಾನು ಬರುವ ಹೊತ್ತಿಗೆ ಅವನು ತೀರಿಹೋಗಿ ಆರು ವರ್ಷವಾಗಿತ್ತು. ಅವನೇ ಕಟ್ಟಿದ ಕಲ್ಲಿನ ಹೌಜು ಅವರ ಹಿತ್ತಲಲ್ಲಿತ್ತು. ಸೊಂಟಮಟ್ಟ ನೀರು, ಮೇಲೆ ಬೇವಿನ ನೆರಳು, ಒಳಗೆ ಬೆರಳುದ್ದದ ಬೆಳ್ಳನೆಯ ಮೀನುಗಳು. ಗಂಡ ಸೊಳ್ಳೆ ಆಗಬಾರದೆಂದು ಬಿಟ್ಟಿದ್ದ ನಾಲ್ಕು ಮೀನುಗಳನ್ನು ಆಕೆ ಹತ್ತಾರು ವರ್ಷ ಸಾಕಿ ಬೆಳೆಸಿದ್ದಳು. ಮನೆಯಲ್ಲಿ ಮಾತಾಡಲು ಇನ್ಯಾರೂ ಇರಲಿಲ್ಲ. ಒಬ್ಬಳೇ ಮಗಳು ಶಾಕೀರಾಳನ್ನು ಸಿಂಧನೂರಿಗೆ ಕೊಟ್ಟಿತ್ತು.

ನಮ್ಮ ಕಡೆ ಆಗ ನಾರುಹುಣ್ಣಿನ ಕಾಟ. ಮೆಟ್ಟಿಲ ಬಾವಿಗಳಲ್ಲಿ ಜನ ನೀರಿನೊಳಗೇ ಕಾಲಿಟ್ಟು ಕೊಡ ತುಂಬುತ್ತಿದ್ದರು. ಹುಣ್ಣಿದ್ದವರ ಕಾಲಿನಿಂದ ಹುಳದ ಮರಿ ನೀರಿಗಿಳಿದು, ಕಣ್ಣಿಗೆ ಕಾಣದಷ್ಟು ಸಣ್ಣ ನೀರುಹುಳಗಳ ಹೊಟ್ಟೆ ಸೇರುತ್ತಿತ್ತು. ಆ ನೀರು ಕುಡಿದವರ ಕಾಲಿನಿಂದ ಮುಂದಿನ ವರ್ಷ ದಾರದಂಥ ಹುಳ ಹೊರಬರುತ್ತಿತ್ತು. ಬಾವಿಗೆ ಸಣ್ಣ ಮೀನು ಬಿಟ್ಟರೆ ಅವು ಈ ನೀರುಹುಳಗಳನ್ನು ತಿನ್ನುತ್ತವೆ ಎಂದು ಲಿಂಗಸುಗೂರಿನ ಡಾಕ್ಟರ್ ಸಾಹೇಬರು ಹೇಳಿದ ಮೇಲೆ ಮಕ್ತುಂಬಿಯ ಹೌಜಿಗೆ ಬೆಲೆ ಬಂತು. ಸುತ್ತಿನ ಮೂರು ಬಾವಿಗಳಿಗೆ ಆಕೆಯ ಮೀನು ಹೋಗಿದ್ದವು. ಒಂದು ಮೀನೂ ಸತ್ತಿರಲಿಲ್ಲ.

ಯಾಕೆ ಸಾಯುತ್ತಿರಲಿಲ್ಲ ಎಂಬುದಕ್ಕೆ ಕಾರಣ ಹಿತ್ತಲಿನ ಇನ್ನೊಂದು ಮೂಲೆಯಲ್ಲಿತ್ತು. ಅಲ್ಲಿ ಎರಡು ಅಗಲ ಬಾಯಿಯ ಮಣ್ಣಿನ ಬಾನಿಗಳು. ಹೊಳೆಯಿಂದ, ಹಳ್ಳದಿಂದ ಹೊಸ ಮೀನು ಬಂದರೆ ಮೊದಲು ಅಲ್ಲಿಗೆ. ಆಕೆ ಅದನ್ನು ಮುಸಾಫಿರಖಾನೆ, ಅಂದರೆ ದಾರಿಹೋಕರು ತಂಗುವ ಮನೆ, ಎನ್ನುತ್ತಿದ್ದಳು. ಮೀನು ಬಂದ ದಿನ ಆಕಾಶದಲ್ಲಿ ಚಂದ್ರ ಎಷ್ಟಿದ್ದನೋ, ತಿರುಗಿ ಅಷ್ಟೇ ಆಗುವ ತನಕ, ಆಕೆಯ ಮಾತಿನಲ್ಲಿ ‘ಒಂದು ಚಾಂದ್’ ಆಗುವ ತನಕ, ಆ ಮೀನು ಹೌಜಿನ ನೀರು ಕಾಣುವಂತಿಲ್ಲ. ಬಾನಿಯ ಬಲೆ ಬೇರೆ, ಚರಿಗೆ ಬೇರೆ. ಬೆಳಿಗ್ಗೆ ಮೊದಲು ಹೌಜಿನ ಕೆಲಸ, ಆಮೇಲೆ ಬಾನಿಯ ಕೆಲಸ, ಆಮೇಲೆ ಬೂದಿ ಹಚ್ಚಿ ಕೈ ತೊಳೆಯುವುದು. ಒಂದು ದಿನವೂ ಈ ಸಾಲು ತಪ್ಪಿದ್ದನ್ನು ನಾನು ಕಾಣೆ. ರೆಕ್ಕೆ ಮಡಚಿಕೊಂಡಿದೆಯೇ, ಮೈಯನ್ನು ಬಾನಿಯ ಗೋಡೆಗೆ ಉಜ್ಜುತ್ತಿದೆಯೇ, ಹಿಟ್ಟು ಹಾಕಿದರೆ ಮೇಲೆ ಬರುತ್ತದೆಯೇ ಎಂದು ಒಂದೊಂದನ್ನೂ ನೋಡುತ್ತಿದ್ದಳು.

ಹೌಜಿನ ಮುಂದೆ ಆಕೆ ನಿಂತೇ ಕೆಲಸ ಮುಗಿಸುತ್ತಿದ್ದಳು. ಬಾನಿಯ ಮುಂದೆ ಮಾತ್ರ ಮಣೆ ಹಾಕಿಕೊಂಡು ತಾಸುಗಟ್ಟಲೆ ಕೂಡುವುದು. ನನಗೆ ನಗು ಬರುತ್ತಿತ್ತು.

“ಬೂಬಮ್ಮ, ಇವಕ್ಕ ಇಷ್ಟ್ಯಾಕ ಉಪಚಾರ? ಇನ್ನಾ ಹೊರಗಿನವ ಅದಾವಲ್ಲ,” ಎಂದು ಮಕ್ತುಂಬಿಗೆ ಅಂದೆ ಒಮ್ಮೆ.

“ಅದಕ್ಕ ಕುಂತೀನಿ ಪಂಪಣ್ಣ. ಒಳಗಿದ್ದೋರಿಗೆ ಒಬ್ಬರಿಗೊಬ್ಬರು ಅದಾರ. ಹೊರಗಿಟ್ಟೋರ ಹತ್ರ ನಾವ ಕೂಡಬೇಕು.”

ನಾನು ದೊಡ್ಡ ಮನುಷ್ಯನಂತೆ ತಲೆಯಾಡಿಸಿ ದವಾಖಾನೆಗೆ ಹೋದೆ.

ಆ ವರ್ಷ ಬಳಗಾನೂರಿನ ಸರದಿ. ಅಲ್ಲಿಯ ಹಿರಿಯರಿಗೆ ಕುಡಿಯುವ ನೀರಿನಲ್ಲಿ ಮೀನು ಬಿಡುವುದು ಸುತರಾಂ ಮನಸ್ಸಿರಲಿಲ್ಲ. ಜೋಗಮ್ಮ ಎಂಬ ಹೆಣ್ಣುಮಗಳು ನಾರುಹುಣ್ಣಿನ ಕಾಲು ಎಳೆದುಕೊಂಡೇ ಮನೆಮನೆ ತಿರುಗಿ, ಜಗಳಾಡಿ, ಕೈಮುಗಿದು ಅವರನ್ನು ಒಪ್ಪಿಸಿದ್ದಳು. ಅವರು ಒಪ್ಪಿದ್ದೂ ಒಂದೇ ಒಂದು ಸಲಕ್ಕೆ. ಡಾಕ್ಟರ್ ಸಾಹೇಬರು ಶನಿವಾರವೊಂದನ್ನು ಗೊತ್ತು ಮಾಡಿದರು. ಹೌಜಿನಲ್ಲಿ ಉಳಿದಿದ್ದವು ಅರವತ್ತು ಮೀನು, ಸಾಲುವುದಿಲ್ಲ. ಅಂಬಿಗರ ಅಂಬಪ್ಪ ತುಂಗಭದ್ರೆಯಿಂದ ಗಡಿಗೆಯಲ್ಲಿ ನಲವತ್ತು ಮೀನು ತಂದುಕೊಟ್ಟ. ಆದರೆ ಅವನು ಬಂದಾಗ ಆ ಶನಿವಾರಕ್ಕೆ ಹನ್ನೊಂದೇ ದಿನ ಉಳಿದಿತ್ತು.

ಮಕ್ತುಂಬೀ ಅವನ್ನು ಬಾನಿಗೆ ಬಿಟ್ಟು ಹೇಳಿದಳು: “ಸಾಹೇಬ್ರಿಗೆ ಚಿಟ್ಟಿ ಬರಿ. ಒಂದು ಚಾಂದ್ ಆಗೋತನಕ ಆಗಾಂಗಿಲ್ಲ ಅಂತ ತಿಳಸು.”

ಬರೆಯುತ್ತೇನೆ ಎಂದೆ. ಬರೆಯಲಿಲ್ಲ. ಮೇಲಿನವರಿಗೆ ‘ಆಗುವುದಿಲ್ಲ’ ಎಂದು ಬರೆಯುವ ಎದೆಗಾರಿಕೆ ನನಗೆ ಆಗ ಇರಲಿಲ್ಲ. ಮರುದಿನ ಸಿಂಧನೂರಿನಿಂದ ಶಾಕೀರಾಳಿಗೆ ಹೆರಿಗೆ ನೋವು ಶುರುವಾಗಿದೆ ಎಂದು ಆಳು ಬಂದ. ಆಕೆ ಹೌಜನ್ನೂ ಬಾನಿಯನ್ನೂ ನನಗೆ ಒಪ್ಪಿಸಿ, ಎರಡೂ ಬಲೆಗಳನ್ನು ಮತ್ತೆ ಮತ್ತೆ ತೋರಿಸಿ, ಗಾಡಿ ಹತ್ತಿದಳು.

ಈಗ ನನ್ನ ಬುದ್ಧಿವಂತಿಕೆ ಕೇಳಿ. ಕಾಲರಾ ದಿನಗಳಲ್ಲಿ ನಾವು ಬಾವಿಗೆ ಲಾಲ್ ದವಾ ಹಾಕುತ್ತಿದ್ದೆವು. ಇಡೀ ಬಾವಿಯ ನೀರು ಕೆಂಪಾಗಿ, ಮರುದಿನ ತಿಳಿಯಾಗಿ, ಕುಡಿಯಲು ಯೋಗ್ಯ ಎಂದು ನಾನೇ ಡಂಗುರ ಸಾರಿಸುತ್ತಿದ್ದೆ. ಒಂದು ಬಾವಿಯನ್ನೇ ಒಂದು ದಿನದಲ್ಲಿ ಶುದ್ಧ ಮಾಡುವ ಔಷಧಕ್ಕೆ ಬೆರಳುದ್ದದ ಮೀನು ಯಾವ ಲೆಕ್ಕ? ಶನಿವಾರಕ್ಕೆ ನೂರೂ ಮೀನು ಹೌಜಿನಲ್ಲಿ ಸಿದ್ಧವಾಗಿರಲಿ ಎಂದು, ಒಂದು ಬೋಗುಣಿ ನೀರಿಗೆ ಚಿಟಿಕೆ ಲಾಲ್ ದವಾ ಕಲಸಿ, ನಲವತ್ತು ಮೀನುಗಳನ್ನೂ ಅದರಲ್ಲಿ ಅದ್ದಿ ತೆಗೆದು, ಹೌಜಿಗೆ ಬಿಟ್ಟೆ. ಅವು ಚಂಗನೆ ಹಾರಿ ಹಳೆಯ ಮೀನುಗಳ ಜೊತೆ ಬೆರೆತವು. ಮುದುಕಿಯ ಒಂದು ತಿಂಗಳ ಕೆಲಸವನ್ನು ಒಂದು ಗಳಿಗೆಯಲ್ಲಿ ಮುಗಿಸಿದೆನಲ್ಲ ಎಂದು ಬೀಗುತ್ತ ಮನೆಗೆ ಹೋಗಿ ಹೊಟ್ಟೆತುಂಬ ಉಂಡೆ.

ಐದು ದಿನ ಏನೂ ಆಗಲಿಲ್ಲ. ಆರನೆಯ ದಿನ ಕೆಲವು ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದವು. ಏಳನೆಯ ದಿನ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ. ಆಮೇಲೆ ಸಾಯಲು ಶುರುವಾದವು. ಹೊಸವು ಕಡಿಮೆ, ಹಳೆಯವು ಹೆಚ್ಚು. ಶುಕ್ರವಾರ ಮಕ್ತುಂಬೀ ಮೊಮ್ಮಗಳು ಹುಟ್ಟಿದ ಸಿಹಿ ಹಿಡಿದು ಬಂದಾಗ ನೀರಿನ ಮೇಲೆ ಹದಿನೇಳು ಮೀನು ತೇಲುತ್ತಿದ್ದವು. ನಾನು ಹೌಜಿನ ಪಕ್ಕದಲ್ಲೇ ನಿಂತಿದ್ದೆ.

ಆಕೆ ಬಾನಿಯತ್ತ ನೋಡಿದಳು. ಖಾಲಿ. ನನ್ನನ್ನು ನೋಡಿದಳು.

“ಲಾಲ್ ದವಾದಾಗ ತೊಳದ ಬಿಟ್ಟಿದ್ದೆರೀ...” ಎಂದೆ.

ಆಕೆ ಸಿಹಿಯ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು, ಸತ್ತವನ್ನು ಒಂದೊಂದಾಗಿ ಎತ್ತಿ, ಬೇವಿನ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದಳು. ಅದರಲ್ಲಿ ಬಾಲ ಸೀಳಿದ ಒಂದು ಹಳೆಯ ಮೀನಿತ್ತು; ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿಟ್ಟುಕೊಂಡು ಕುಳಿತಳು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಶನಿವಾರ ಡಾಕ್ಟರ್ ಸಾಹೇಬರು ಟಾಂಗಾದಲ್ಲಿ ಬಂದರು. ಹೌಜು ನೋಡಿ ಅವರ ಮುಖ ಕೆಂಪಗಾಯಿತು. “ಸತ್ತಾವು ಸಾಯ್ಲಿ. ಉಳದಾವನ್ನ ತುಂಬ್ರಿ, ಬಳಗಾನೂರಾಗ ಮಂದಿ ಕಾಯಾಕತ್ಯಾರ,” ಎಂದರು.

“ಕೊಡಾಂಗಿಲ್ಲ ಸಾಹೇಬ್ರ,” ಎಂದಳು ಮಕ್ತುಂಬೀ.

ಡಾಕ್ಟರ್ ಸಾಹೇಬರಿಗೆ ಹಾಗೆ ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಇವು ನಾಳಿ ಆ ಬಾವ್ಯಾಗ ಸತ್ತು ತೇಲತಾವು. ಕುಡಿಯೋ ನೀರಾಗ ಸತ್ತ ಮೀನು ಕಂಡ್ರ ಬಳಗಾನೂರಾಗ ಇನ್ನ ಯಾರೂ ಮೀನಿನ ಹೆಸರು ಎತ್ತಗೊಡಾಂಗಿಲ್ಲ. ಜೋಗಮ್ಮನ್ನ ಊರಾಗ ಬಾಳಗೊಡಾಂಗಿಲ್ಲ. ಒಂದು ಚಾಂದ್ ತಡೀರಿ.”

“ಇದು ಹೆಂಗಾತು? ಯಾರು ಮಾಡಿದ್ದು?”

ನಾನು ಬಾನಿಯ ಕಡೆ ಮುಖ ತಿರುಗಿಸಿದೆ.

“ಹೌಜು ನಂದು ಸಾಹೇಬ್ರ. ತಪ್ಪೂ ನಂದ,” ಎಂದಳು ಆಕೆ.

ನಾನು ಬಾಯಿ ತೆರೆಯಲಿಲ್ಲ. ಇಷ್ಟು ವರ್ಷವಾದರೂ ಈ ಸಾಲು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಸಾಹೇಬರು, “ಹಂಗಾದ್ರ ನಿನ್ನ ಮೀನು ಇನ್ನ ಯಾವ ಬಾವಿಗೂ ಬ್ಯಾಡ,” ಎಂದು ಟಾಂಗಾ ಹತ್ತಿದರು. ಮಕ್ತುಂಬಿಯ ಬದುಕಿನಲ್ಲಿ ಊರು ‘ನಿನ್ನಿಂದ ಉಪಕಾರ ಆತು’ ಎಂದದ್ದು ಆ ಮೀನುಗಳಿಂದಲೇ. ಅದೂ ನನ್ನಿಂದ ಹೋಯಿತು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಸಿಕ್ಕ ಗಾಡಿ ಹಿಡಿದು ಲಿಂಗಸುಗೂರಿಗೆ ಹೋಗಿ ಡಾಕ್ಟರ್ ಸಾಹೇಬರ ಮುಂದೆ ನಿಂತು, ಬರೆಯದ ಚಿಟ್ಟಿಯಿಂದ ಲಾಲ್ ದವಾದ ತನಕ ಎಲ್ಲ ಒಪ್ಪಿಕೊಂಡೆ. ಅವರು ನನಗೆ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಕಡೆಗೆ, “ಆಕಿ ಕೇಳಿದ ಒಂದು ತಿಂಗಳು ಕೊಟ್ಟೀನಿ, ಹೋಗಿ ಹೇಳು,” ಎಂದರು. ಬಂದು ತಿಂಗಳ ಗಡುವು ಸಿಕ್ಕಿತೆಂದು ಮಾತ್ರ ಮಕ್ತುಂಬಿಗೆ ಹೇಳಿದೆ. ಹೇಗೆ ಸಿಕ್ಕಿತು ಎಂದು ಆಕೆ ಕೇಳಲಿಲ್ಲ.

ಆ ಒಂದು ತಿಂಗಳು ನಾನು ದವಾಖಾನೆ ಬಿಟ್ಟ ಹೊತ್ತೆಲ್ಲ ಆ ಹಿತ್ತಲಲ್ಲೇ ಇದ್ದೆ. ಉಳಿದ ಮೀನುಗಳನ್ನು ಬಾನಿಗಳಿಗೆ ಹಾಕಿ ನೀರಿಗೆ ಕಲ್ಲುಪ್ಪು ಬೆರೆಸಿದೆವು. ಹೌಜನ್ನು ಪೂರ್ತಿ ಖಾಲಿ ಮಾಡಿ, ತಿಕ್ಕಿ, ಬೇವಿನ ಟೊಂಗೆಗಳನ್ನು ಕಡಿದು ಬಿಸಿಲು ಬೀಳಿಸಿ ಒಣಗಿಸಿದೆವು. ದಿನಕ್ಕೆರಡು ಸಲ ಬಾನಿಗೆ ಹೊಸ ನೀರು ಹೊತ್ತೆ. ಶೇಕ್ಷಾವಲಿಯ ಹಳೆಯ ತೊಗಲಿನ ಚೀಲವನ್ನು ಆಕೆಯೇ ತೆಗೆದುಕೊಟ್ಟಳು. ಖಾಕಿ ಕೋಟಿನ ಕಂಪೌಂಡರು ಬೀದಿಯಲ್ಲಿ ನೀರು ಹೊರುವುದನ್ನು ಮಸ್ಕಿಯೆಲ್ಲ ನೋಡಿ ನಕ್ಕಿತು. ನಗಲಿ ಎಂದು ಬಿಟ್ಟೆ.

ಒಂದು ದಿನ, ಬೇವಿಗೆ ತೂಗುಹಾಕಿದ್ದ ಹೌಜಿನ ಬಲೆಗೆ ದೂಳು ಹತ್ತಿದೆಯೆಂದು ತೊಳೆಯಲು ಕೈ ಹಾಕಿದೆ.

“ಅದನ್ನ ಮುಟ್ಟಬ್ಯಾಡ,” ಎಂದಳು ಮಕ್ತುಂಬೀ. ದನಿ ಏರಿರಲಿಲ್ಲ. ನಾನು ಕೈ ಹಿಂದೆಗೆದೆ. ಈಕೆ ನನ್ನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ ಎಂದು ಅಂದೇ ನನಗೆ ಖಾತ್ರಿಯಾಯಿತು.

ಆದರೂ ದಿನಾ ಸಂಜೆ ಬಾನಿಯ ಮುಂದೆ ನಾನು ಕೂತರೆ ಆಕೆಯೂ ಮಣೆ ತಂದು ಪಕ್ಕದಲ್ಲಿ ಕೂಡುತ್ತಿದ್ದಳು. ರೊಟ್ಟಿ, ಹಿಂಡಿ ಪಲ್ಯ ಕೊಟ್ಟು ತಿನ್ನುವ ತನಕ ಏಳುತ್ತಿರಲಿಲ್ಲ. ಹಾಗೆ ಕೂತಾಗ ಒಮ್ಮೆ ತನ್ನ ಕಥೆ ಹೇಳಿದಳು.

“ನನ್ನ ಮದುವಿ ಆದ ವರ್ಷ ನಮ್ಮ ಅತ್ತಿ ಮನಿ ಊರಾಗ ಪ್ಲೇಗ್ ಬಂತು. ತವರಿಗೆ ಅಂತ ಮಸ್ಕಿಗೆ ಓಡಿ ಬಂದ್ವಿ. ಊರ ಹೊರಗ ಗುಡಸಲ ಹಾಕಿ ಹತ್ತು ದಿನ ಅಲ್ಲೇ ಇರ್ರಿ ಅಂದ್ರು. ನಾ ಅಳಾಕ ಹತ್ತಿದೆ. ನನ್ನ ಅಳು ನೋಡಿ ನಮ್ಮ ಅಮ್ಮಾಗ ತಡ್ಯಾಕ ಆಗಲಿಲ್ಲ. ನಾಕನೇ ದಿನ ಮೇವಿನ ಗಾಡ್ಯಾಗ ಮುಚ್ಚಿ ಮನಿಗೆ ಕರಕೊಂಡ ಹೋದಳು. ನನಗೇನೂ ಆಗಲಿಲ್ಲ. ನನ್ನ ತಮ್ಮ ಜಂಗ್ಲಿಸಾಬ್ ಹೋದ. ಏಳು ವರ್ಷದಾಂವ. ನಾ ಆ ಊರಿಂದ ತಂದ ಬಟ್ಟಿ ಗಂಟಿನ ಮ್ಯಾಲ ತಲಿ ಇಟ್ಟ ಮಲಗತಿದ್ದ.”

ಬಾನಿಗೆ ಒಂದು ಚಿಟಿಕೆ ಹಿಟ್ಟು ಉದುರಿಸಿದಳು.

“ಅಮ್ಮಾದೂ ತಪ್ಪಿಲ್ಲ. ಆ ಗುಡಸಲಕ್ಕ ಒಬ್ರಾದ್ರೂ ಬಂದು ದೂರ ಕುಂತು ಮಾತಾಡಿದ್ರ ನಾ ಅಷ್ಟ ಅಳತಿದ್ದಿಲ್ಲ. ಹತ್ತು ದಿನ ಕಳೀತಿದ್ದೆ.”

ಆ ಮಣೆ, ಆ ತಾಸುಗಟ್ಟಲೆ ಕೂಡುವುದು, ಮೀನಿಗೆ ಇಷ್ಟ್ಯಾಕ ಉಪಚಾರ ಎಂದು ನಾನು ನಕ್ಕದ್ದು, ಎಲ್ಲ ನೆನಪಾಯಿತು.

ಬಳಗಾನೂರಿನ ಕಥೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಬೇಸಿಗೆ ಇನ್ನೂ ಇರುವಾಗಲೇ ಮೀನು ಬಾವಿಗೆ ಬಿಟ್ಟೆವು. ಜೋಗಮ್ಮ ತಾನೇ ಕೊನೆಯ ಒಣ ಮೆಟ್ಟಿಲಿನ ತನಕ ಇಳಿದು, ಗಡಿಗೆ ಬಗ್ಗಿಸಿ, “ಹೋಗ್ರವ್ವಾ, ಹೊಟ್ಟಿತುಂಬ ಉಣ್ರಿ,” ಎಂದಳು. ಒಂದೂ ಸಾಯಲಿಲ್ಲ. ಎರಡು ವರ್ಷದ ಮೇಲೆ ನಾನು ಆ ಊರಿಗೆ ಹೋದಾಗ ನಾರುಹುಣ್ಣಿಗೆ ಪಟ್ಟಿ ಕಟ್ಟಲು ನನಗೆ ಮೂರೇ ಕಾಲು ಸಿಕ್ಕವು. ಆಗಿನವರಿಗೆ ಅದು ಎಂಥ ಮಾತು ಎಂಬುದು ಈಗ ಹೇಳಿದರೆ ತಿಳಿಯುವುದಿಲ್ಲ. ಮಕ್ತುಂಬಿಗೆ ಯಾರೂ ಶಾಲು ಹೊದಿಸಲಿಲ್ಲ, ಸರ್ಕಾರಿ ಕಾಗದದಲ್ಲಿ ಆಕೆಯ ಹೆಸರೂ ಬರಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಆದರೆ ನಾನು ಹೇಳಬೇಕಾದದ್ದು ಬಳಗಾನೂರಿಗೆ ಹೊರಟ ಆ ಬೆಳಗಿನ ಮಾತು. ಹಿಂದಿನ ಸಂಜೆ ಚಂದ್ರ, ಮೀನುಗಳನ್ನು ಬಾನಿಗೆ ಹಾಕಿದ ದಿನದಷ್ಟೇ ಆಗಿದ್ದ. ಬಾನಿಗಳಲ್ಲಿ ಐವತ್ತೆರಡು ಮೀನು ಉಳಿದಿದ್ದವು, ಒಂದರ ಮೈಮೇಲೂ ಚುಕ್ಕೆ ಇರಲಿಲ್ಲ. ಎಣಿಸಿದಷ್ಟು ಇಲ್ಲದಿದ್ದರೂ ಬಾವಿಯಲ್ಲೇ ಮರಿ ಹಾಕಿ ಹೆಚ್ಚುತ್ತವೆ ಎಂದು ನಲವತ್ತನ್ನು ಬಳಗಾನೂರಿನ ಗಡಿಗೆಗೆ ತುಂಬಿಯಾಗಿತ್ತು. ಉಳಿದ ಹನ್ನೆರಡನ್ನು ಹೊಸ ನೀರು ತುಂಬಿದ ಹೌಜಿಗೆ ಬಿಡಬೇಕು. ಅದು ಆಕೆಯದೇ ಕೆಲಸ, ಹೌಜಿನ ಬಲೆ ಮುಟ್ಟಲು ನನಗೆ ಹಕ್ಕಿಲ್ಲ ಎಂದುಕೊಂಡು ನಾನು ದೂರ ಸರಿದು ನಿಂತೆ.

ಮಕ್ತುಂಬೀ ಬೇವಿನ ಟೊಂಗೆಯಿಂದ ಆ ಬಲೆಯನ್ನು ಇಳಿಸಿದಳು. ದೂಳು ಕೊಡವಿದಳು. ತಂದು ನನ್ನ ಕೈಯಲ್ಲಿಟ್ಟಳು.

“ಹಿಡಿ ಪಂಪಣ್ಣ,” ಎಂದಳು. “ನಿನ್ನ ಚಾಂದೂ ತುಂಬೇತಿ. ಒಳಗ ಬಾ.”