ವಾಟರ್ ಸ್ಕೂಟರಿನ ಅತ್ತೆ

ನನ್ನ ಅತ್ತೆಯ ಬಲಗೈಯ ಉಂಗುರಬೆರಳು ಅರ್ಧಕ್ಕೇ ಮುಗಿದಿತ್ತು. ಉಳಿದರ್ಧವನ್ನು ವಾಟರ್ ಸ್ಕೂಟರಿನ ನೀರೆಳೆಯುವ ಪಂಪು ತಿಂದಿತ್ತು. ಗಾಡಿಯ ಹೊಟ್ಟೆಯಡಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲವನ್ನು ಅವರು ಎಳೆಯುತ್ತಿದ್ದಾಗ, ಮೇಲೆ ಕೂತಿದ್ದ ಗಿರಾಕಿ ಸುಮ್ಮನಿರಲಾರದೆ ಸ್ಟಾರ್ಟ್ ಬಟನ್ ಒತ್ತಿದ್ದ. ಅತ್ತೆ ಮೊದಲು ಅವನನ್ನು ಕೆಳಗೆಳೆದು ಕೆನ್ನೆಗೆ ಬಾರಿಸಿದರಂತೆ. ಆಮೇಲೆ ಕೈಗೆ ದುಪಟ್ಟಾ ಸುತ್ತಿಕೊಂಡು ಆಸ್ಪತ್ರೆಗೆ ರಿಕ್ಷಾ ಹಿಡಿದರಂತೆ.

ಅವರು ಉಡುಪಿ ಕಡೆಯವರು. ಮಾವ ಮಲಾಡಿನ ಕಡಲತೀರದಲ್ಲಿ ಕ್ಯಾಂಟೀನ್ ನಡೆಸುತ್ತ, ಒಂದು ಹಳೆಯ ವಾಟರ್ ಸ್ಕೂಟರನ್ನೂ ಸವಾರಿಗೆ ಬಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಕ್ಯಾಂಟೀನ್ ಮುಚ್ಚಿ ಗಾಡಿಯನ್ನು ಉಳಿಸಿಕೊಂಡರು. "ಇಡ್ಲಿ ಯಾರು ಬೇಕಾದ್ರೂ ಬೇಯಿಸ್ತಾರೆ ಮಾರಾಯ್ತಿ, ಇದನ್ನು ಓಡಿಸ್ಲಿ ನೋಡುವ" ಎನ್ನುತ್ತಿದ್ದರು. ಸಿಟ್ಟು ಬಂದರೆ ಕೈಯಲ್ಲಿದ್ದ ಸ್ಪ್ಯಾನರ್ ಹಾರುತ್ತಿತ್ತು. ಮೈಸೂರಿನಿಂದ ಸೊಸೆಯಾಗಿ ಬಂದ ನಾನು ಮೊದಮೊದಲು ಅವರೆದುರು ನಿಲ್ಲಲೂ ಅಂಜುತ್ತಿದ್ದೆ.

ಆ ಹಳೆಯ ಗಾಡಿಯದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ನೀಲಿ ಹೊಗೆ, ಕಿವಿ ಸೀಳುವ ಕಿರುಚಾಟ, ಮುಟ್ಟಿದರೆ ನೆಗೆತ. ಆಮೇಲೆ ಕೊಂಡ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಹೊಗೆಯೂ ಅರಚಾಟವೂ ಕಡಿಮೆ. ಆದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ತೋಳು ಕಿತ್ತು ಬರುವಷ್ಟು ಎಳೆತ. ಈಗಿನ ಹೊಸ ಗಾಡಿಗಳಿಗೆ ಬ್ರೇಕ್ ಬಂದಿದೆ. ನಮ್ಮವಕ್ಕೆ ಇರಲಿಲ್ಲ.

ನನಗೆ ಓಡಿಸಲು ಕಲಿಸಿದ ದಿನ ಅತ್ತೆ ನನ್ನ ತಲೆಗೊಂದು ಮೊಟಕಿ ಹೇಳಿದ್ದರು: "ಹಿಂದಿನಿಂದ ನೀರು ಚಿಮ್ಮಿದ್ರೆ ಮಾತ್ರ ಇದು ತಿರುಗುದು. ಹೆದರಿ ಆಕ್ಸಿಲರೇಟರ್ ಬಿಟ್ಟಿಯೋ, ಹ್ಯಾಂಡಲ್ ಎಷ್ಟು ತಿರುಗಿಸಿದ್ರೂ ನೆಟ್ಟಗೆ ಹೋಗಿ ಹೊಡೀತದೆ."

ಅದು ಒಂದು ಭಾನುವಾರದ ಸಂಜೆ ಕಣ್ಣೆದುರೇ ನಡೆಯಿತು. ಕುಡಿದು ಬಂದ ಯುವಕನೊಬ್ಬ ನಮ್ಮ ಕೆಲಸದವನನ್ನು ನೀರಿಗೆ ತಳ್ಳಿ, ಒಂದು ಗಾಡಿ ಹತ್ತಿ ಹೊರಟೇಬಿಟ್ಟ. ಸ್ನಾನಕ್ಕಿಳಿದ ಜನರ ಸುತ್ತ ಕೇಕೆ ಹಾಕುತ್ತ ಸುತ್ತತೊಡಗಿದ. ಅತ್ತೆ ಇನ್ನೊಂದು ಗಾಡಿ ಹತ್ತಿ, "ಬಾ, ಹಿಂದೆ ಕೂತ್ಕೋ! ಅವ ಬಿದ್ರೆ ಎತ್ಲಿಕ್ಕೆ ಒಬ್ರು ಬೇಕು" ಎಂದರು. ಹತ್ತಿ ಅವರ ಸೊಂಟ ಹಿಡಿದೆ.

ನಾವು ಪಕ್ಕದಿಂದ ಸಮೀಪಿಸುತ್ತಿದ್ದಂತೆ ಅವನ ಎದುರಿಗೆ ಸೊಂಟದಷ್ಟು ನೀರಿನಲ್ಲಿ ಒಬ್ಬ ಹೆಂಗಸು ಇಬ್ಬರು ಮಕ್ಕಳೊಂದಿಗೆ ನಿಂತಿದ್ದಳು. ಅವರನ್ನು ಕಂಡು ಅವನು ಬೆದರಿ ಆಕ್ಸಿಲರೇಟರ್ ಬಿಟ್ಟ. ಹ್ಯಾಂಡಲನ್ನು ಹುಚ್ಚನಂತೆ ತಿರುಗಿಸಿದ. ಗಾಡಿ ತಿರುಗಲಿಲ್ಲ. ಅದೇ ಓಟದಲ್ಲಿ ಮಕ್ಕಳ ಕಡೆ ನುಗ್ಗಿತು.

"ಅತ್ತೆ, ಬೇಡ! ಹೊಡೆಯುತ್ತೆ!" ಎಂದು ಚೀರಿದೆ.

"ಬಿಟ್ರೆ ಮಕ್ಕಳು ಹೋಗ್ತಾವೆ! ಗಟ್ಟಿ ಹಿಡ್ಕೋ!"

ಪೂರ್ತಿ ವೇಗದಲ್ಲಿ ಅವನ ಗಾಡಿಯ ಪಕ್ಕೆಗೆ ಗುದ್ದಿದರು. ಫೈಬರ್ ಸೀಳಿದ ಸದ್ದು ಕೇಳಿದ್ದಷ್ಟೇ ನೆನಪು. ಮರುಕ್ಷಣ ನನ್ನ ಬಾಯ್ತುಂಬ ಉಪ್ಪುನೀರು. ತಲೆಯೆತ್ತಿದಾಗ ಅವನ ಗಾಡಿ ಮಕ್ಕಳ ಬದಿಯಿಂದ ಹಾದು ಆಚೆ ಮಗುಚಿತ್ತು. ಮಕ್ಕಳು ಅಳುತ್ತಿದ್ದರು, ಮೈಯಲ್ಲಿ ಗೀರೂ ಇರಲಿಲ್ಲ. ಅವನ ಕಾಲು ಎರಡು ಗಾಡಿಗಳ ನಡುವೆ ಸಿಕ್ಕಿ ಜಜ್ಜಿಹೋಗಿತ್ತು. ನೀರು ಕೆಂಪಾಗುತ್ತಿತ್ತು.

ಪಕ್ಕೆಲುಬು ಮುರಿದಿದ್ದರೂ ಅತ್ತೆಯೇ ಅವನ ಕಾಲರ್ ಹಿಡಿದು ದಡಕ್ಕೆಳೆದರು. ಅಲ್ಲಿ ಅವನ ಗೆಳೆಯರು ಅತ್ತೆಯನ್ನು ಮರಳಿಗೆ ಕೆಡವಿ ಒದ್ದರು. ಅಡ್ಡ ಬಿದ್ದ ನನಗೂ ಬಿತ್ತು. ಅತ್ತೆ ಒಬ್ಬನ ಕೈಯನ್ನು ರಕ್ತ ಬರುವಂತೆ ಕಚ್ಚಿದರು. ಜನ ಓಡಿಬಂದು ಬಿಡಿಸಿದರು.

ಅವನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅತ್ತೆ ಎದ್ದು ಓಡಾಡುವಂತಾದ ಕೂಡಲೇ ಒಂದು ಡಬ್ಬಿಯಲ್ಲಿ ಗಂಜಿ ತುಂಬಿಕೊಂಡು ಅವನ ವಾರ್ಡಿಗೆ ಹೋದರು. ನಾನೂ ಜೊತೆಗಿದ್ದೆ. ತಮ್ಮ ಹರುಕುಮುರುಕು ಹಿಂದಿಯಲ್ಲಿ ನೇರವಾಗಿ ಹೇಳಿದರು: "ನಿನ್ನ ಕಾಲು ತೆಗೆದದ್ದು ನಾನು. ನಾಳೆ ಹಾಗೇ ಆದ್ರೆ ಮತ್ತೆ ಗುದ್ದುವವಳೇ. ಈಗ ಗಂಜಿ ಕುಡಿ."

ಅವನು ಡಬ್ಬಿಯನ್ನು ಅವರ ಮುಖಕ್ಕೇ ಎಸೆದ. ಹುಬ್ಬು ಒಡೆಯಿತು. ಅತ್ತೆ ಗಂಜಿ ಒರೆಸಿಕೊಂಡು ಹೊರಬಂದರು. ಮರುದಿನ ಮತ್ತೆ ಹೋದರು.

ಅವನು ಕುರ್ಲಾದ ಚಾಳಿನಲ್ಲಿದ್ದ ತನ್ನ ಕೋಣೆಗೆ ಮರಳಿದ ಮೇಲೂ ಬಿಡಲಿಲ್ಲ. ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಪ್ರತಿ ಭಾನುವಾರ ಹೋಗುತ್ತಿದ್ದರು. ಅವನು ಹಿಂದಿಯಲ್ಲಿ ಬೈಯುತ್ತಿದ್ದ, ಇವರು ತುಳುವಿನಲ್ಲಿ ಬೈದು ಡಬ್ಬಿಯನ್ನು ಹೊಸ್ತಿಲಲ್ಲಿಟ್ಟು ಬರುತ್ತಿದ್ದರು. ಅವನು ಗಂಜಿ ಕುಡಿಯುತ್ತಿದ್ದನೋ ಚೆಲ್ಲುತ್ತಿದ್ದನೋ ನಮಗೆ ಗೊತ್ತಿರಲಿಲ್ಲ. ಒಮ್ಮೆ ನಾನು ತಡೆಯಲಾರದೆ ಕೇಳಿದೆ: "ನಿಮ್ಮ ತಪ್ಪಿಲ್ಲ ಅಂತೀರಿ. ಮತ್ಯಾಕೆ ಹೋಗ್ತೀರಿ ಅತ್ತೆ?"

"ತಪ್ಪಿಲ್ಲ. ಆದ್ರೆ ಕಾಲು ಹೋದದ್ದು ಹೌದಲ್ವಾ?"

ಕಳೆದ ವರ್ಷ ಅಡುಗೆಮನೆಯಲ್ಲಿ ಕುಸಿದ ಅತ್ತೆ ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ಕಾರ್ಯಗಳೆಲ್ಲ ಮುಗಿದ ಮೇಲಿನ ಭಾನುವಾರ ನಾನೇ ಗಂಜಿ ಕಾಯಿಸಿ ಕುರ್ಲಾಕ್ಕೆ ಹೋದೆ. ಬಾಗಿಲು ತೆರೆದವನು ನನ್ನ ಹಿಂದೆ ಇಣುಕಿ, "ಬುಢ್ಢೀ ಕಿಧರ್ ಹೈ?" ಎಂದು ಮುದುಕಿಯನ್ನು ಕೇಳಿದ.

ಹೋಗಿಬಿಟ್ಟರು ಎಂದೆ.

ಅವನು ಊರುಗೋಲನ್ನೆತ್ತಿ ಬಾಗಿಲಿಗೆ ಅಪ್ಪಳಿಸಿದ. ಹಲಗೆ ಬಿರಿಯಿತು. ಮತ್ತೆ ಅಪ್ಪಳಿಸಿದ. ಪಕ್ಕದ ಕೋಣೆಯವರು ಹೊರಬಂದರು. ಕೊನೆಗೆ ಸಮತೋಲ ತಪ್ಪಿ ಹೊಸ್ತಿಲಲ್ಲೇ ಕುಸಿದು, ಇನ್ನು ತಾನು ಯಾರಿಗೆ ಬೈಯಲಿ ಎಂದು ಕೇಳಿದ.

ಅವನೆದುರು ಕೂತು ಡಬ್ಬಿ ಚಾಚಿದೆ. "ನನಗೆ ಬೈ" ಎಂದೆ.

ಬೈದ. ಬೈದು ಸುಸ್ತಾದ ಮೇಲೆ ಡಬ್ಬಿಯ ಮುಚ್ಚಳ ತೆಗೆದ.