ಕೊಪ್ಪರಿಗೆಗೆ ಕಲಾಯಿ ಹಾಕಿಸುವವರು

ಬಿಲ್ ಮಿಷನ್ನಿನಲ್ಲಿ ಕನ್ನಡದ ಒತ್ತಕ್ಷರ ಒಡೆಯದಂತೆ ಮೂಡಿಸುವ ಒಂದು ತಂತ್ರಾಂಶವನ್ನು ನಾನೂ ಶಿವಾಜಿನಗರದ ನನ್ನ ಗೆಳೆಯನೂ ಸೇರಿ ಬರೆದಿದ್ದೆವು. ಓಪನ್ ಸೋರ್ಸ್, ಯಾರು ಬೇಕಾದರೂ ಪುಕ್ಕಟೆ ಬಳಸಲಿ, ತಿದ್ದಲಿ ಎಂದು ಬಿಟ್ಟದ್ದು. ಬಳಸುವವರು ಹೆಚ್ಚಿದಂತೆ ದೂರುಗಳೂ ಹೆಚ್ಚಿ, ಗೆಳೆಯ ಇದ್ದ ಕೆಲಸ ಬಿಟ್ಟು ಇದಕ್ಕೇ ಕೂತ. ಕೈ ಬರಿದಾಯಿತು. ಬೇರೊಂದು ಕಂಪನಿ ಅವನನ್ನು ಕೆಲಸಕ್ಕೆ ಕರೆದಿತ್ತು. ಸೋಮವಾರದೊಳಗೆ ಉತ್ತರ ಹೇಳಬೇಕು. ಅಷ್ಟರಲ್ಲಿ ಪ್ರಾಯೋಜಕರು ಸಿಗದಿದ್ದರೆ ನಮ್ಮ ಕೂಸಿಗೆ ಗತಿಯಿಲ್ಲ.

ಶನಿವಾರ ಬೆಳಿಗ್ಗೆ ಕಗ್ಗದಾಸಪುರದ ನಮ್ಮ ಮನೆಯಲ್ಲಿ ಕೂತು ಯೋಜನೆ ಬರೆದೆವು. ಚಿನ್ನದ ಪ್ರಾಯೋಜಕರಿಗೆ ದೊಡ್ಡ ಲೋಗೋ, ಬೆಳ್ಳಿಯವರಿಗೆ ಸಣ್ಣದು, ಕಂಚಿನವರಿಗೆ ಬರೀ ಹೆಸರು. ಪಕ್ಕದಲ್ಲಿ ಬೇಳೆ ಆರಿಸುತ್ತಿದ್ದ ದೊಡ್ಡಮ್ಮ ತಲೆಯೆತ್ತಿದಳು.

"ಹೆಸ್ರು ಹಾಕ್ಸೋಕೆ ಅವ್ರಿಗೆ ಬೇರೆ ಗೋಡೆ ಇಲ್ವೇನ್ರೋ? ನಮ್ ಬೀದಿ ಕೊಪ್ಪರಿಗೆ ಇಷ್ಟು ವರ್ಷ ಹೆಂಗುಳೀತು, ಹೇಳಿ ನೋಡಣ."

ನಮ್ಮ ಬೀದಿಗೆಲ್ಲ ಸೇರಿದ ತಾಮ್ರದ ಕೊಪ್ಪರಿಗೆಯೊಂದಿದೆ, ದೊಡ್ಡಮ್ಮನ ಸುಪರ್ದಿನಲ್ಲಿ. ಮದುವೆಗೋ ನಾಮಕರಣಕ್ಕೋ ಯಾರು ಬೇಕಾದರೂ ಒಯ್ಯಬಹುದು, ಬಾಡಿಗೆಯಿಲ್ಲ. ಅದನ್ನು ವ್ಯಾಪಾರಕ್ಕೆ ಒಯ್ಯುವ ಅಡುಗೆ ಕಂಟ್ರಾಕ್ಟರು ಮಾತ್ರ ಒಳಗೆ ತವರದ ಕಲಾಯಿ ಹಾಕಿಸಿ ಕೊಡಬೇಕು. ಕಲಾಯಿ ಹೋದರೆ ಸಾರು ಕಿಲುಬಾಗುತ್ತದೆ. ಮೊದಲು ಕೆಡುವುದು ಅವರ ಹೆಸರೇ ತಾನೆ!

ಗೆಳೆಯ ಜಿಗಿದೆದ್ದ. "ದೊಡ್ಡಮ್ಮ, ನಿಮ್ಮನ್ನೇ ಪಾರ್ಟ್‌ನರ್ ಮಾಡ್ಕೊಂಬಿಡ್ತೀವಿ!"

"ಮೊದ್ಲು ಬೇಳೆ ಆರ್ಸು ಬಾ, ಪಾರ್ಟ್‌ನರು!"

ಚಿನ್ನ ಬೆಳ್ಳಿ ಹೊಡೆದುಹಾಕಿ ಮೂರೇ ಸಾಲು ಬರೆದೆವು: ಬಳಸುವವರಿಗೆಲ್ಲ ಪುಕ್ಕಟೆ. ಇದನ್ನು ಮಿಷನ್ನಿನಲ್ಲಿಟ್ಟು ಮಾರುವವರು ವರ್ಷವರ್ಷ ಕಲಾಯಿ ಹಾಕಿಸಬೇಕು, ಅಂದರೆ ಇದನ್ನು ನೋಡಿಕೊಳ್ಳುವ ಖರ್ಚು ಕೊಡಬೇಕು. ಅವರ ಮಿಷನ್ನಿನ ತೊಂದರೆ ನಾವು ಮೊದಲು ನೋಡುತ್ತೇವೆ.

ಹುಚ್ಚು ಹುಮ್ಮಸ್ಸಿನಲ್ಲಿ ಕೊಪ್ಪರಿಗೆಯನ್ನೇ ಆಟೋದೊಳಗೆ ತುರುಕಿ, ನಮ್ಮ ತಂತ್ರಾಂಶವಿಟ್ಟೇ ಬಿಲ್ ಮಿಷನ್ ಮಾರುವ ದೊಡ್ಡನೆಕ್ಕುಂದಿಯ ಕಾರ್ಖಾನೆಗೆ ಹೊರಟೆವು. ಗೇಟಿನ ಕಾವಲಿನವರು ನಮ್ಮನ್ನೂ ಕೊಪ್ಪರಿಗೆಯನ್ನೂ ನೋಡಿ, "ಊಟದೋರು ಹಿಂದಿನ ಗೇಟಿಗೆ ಹೋಗ್ರಪ್ಪಾ" ಎಂದರು. ಹೋದೆವು! ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದವರೇ ಮಾಲೀಕರು.

ಎಲ್ಲ ಕೇಳಿ ಅವರು ಕೊಪ್ಪರಿಗೆಯೊಳಗೆ ಬಗ್ಗಿದರು. "ಏನ್ರೀ, ಕಲಾಯಿ ಹೋಗಿದೆಯಲ್ರೀ?"

"ನಮ್ದೂ ಹಂಗೇ ಆಗಿದೆ ಸಾರ್," ಎಂದ ಗೆಳೆಯ.

ಅವರು ನಕ್ಕ ನಗು ಕೊಪ್ಪರಿಗೆಯಲ್ಲಿ ಮೊಳಗಿತು. ಒಂದು ವರ್ಷ ಇವನ ಸಂಬಳ ತಮ್ಮದೆಂದು ಅಲ್ಲೇ ಒಪ್ಪಿ ಸಹಿ ಹಾಕಿದರು.

ವಾಪಸು ಬರುವಾಗ, ಆಟೋದ ಗದ್ದಲ ಕೇಳಿಸಬಾರದೆಂದು ಗೆಳೆಯ ಕೊಪ್ಪರಿಗೆಯೊಳಗೆ ತಲೆಯಿಟ್ಟು ಆ ಇನ್ನೊಂದು ಕಂಪನಿಗೆ ಫೋನ್ ಮಾಡಿದ. "ಕೆಲಸಕ್ಕೆ ಬರೋಕಾಗಲ್ಲ ಮೇಡಂ. ಇಲ್ಲ, ಬಾವಿಯೊಳಗಿಂದ ಅಲ್ಲ ಮೇಡಂ!" ಡ್ರೈವರಿಗೂ ನಗು ತಡೆಯಲಾಗಲಿಲ್ಲ.

ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು. "ವ್ಯಾಪಾರಕ್ಕೆ ತಾನೇ ತಗಂಡೋಗಿದ್ದು? ಇಳಿಸ್ಬೇಡಿ. ಹಂಗೇ ಹೋಗಿ ಕಲಾಯಿ ಹಾಕಿಸ್ಕೊಂಡ್ ಬನ್ನಿ."